ಅಡರಕಟ್ಟಿ ವ್ಯಾನಿನ ಕರಿಹೊಗೆ

ಮುಳಗುಂದದ ಲಾಡಸಾಬ ಮೂವತ್ತೆಂಟು ವರ್ಷ ಗ್ಯಾರೇಜು ನಡೆಸಿದವನು. ಹೊಗೆ ಮೂಸಿಯೇ ಗಾಡಿಯ ರೋಗ ಹೇಳುತ್ತಾನೆಂದು ಹೆಸರು. ಆ ಹೆಸರನ್ನು ಮಣ್ಣುಪಾಲು ಮಾಡಲೆಂದೇ ಅಡರಕಟ್ಟಿಯ ಅಂದಾನಪ್ಪನ ವ್ಯಾನು ಹುಟ್ಟಿತ್ತು.

ಹಳೇ ಪೆಟ್ರೋಲ್ ವ್ಯಾನು. ಹಿಂದಿನ ಸೀಟು ಕಿತ್ತು ಮಂಚ, ಒಲೆ ಇಟ್ಟುಕೊಂಡು ಗಂಡ ಹೆಂಡತಿ ಊರೂರು ತಿರುಗುತ್ತಿದ್ದರು. ಮೂರು ತಿಂಗಳಿಂದ ಅದು ಕರಿಹೊಗೆ ಉಗುಳುತ್ತ ಪೆಟ್ರೋಲು ಗಟಗಟ ಕುಡಿಯುತ್ತಿತ್ತು. ಪ್ಲಗ್ ಬಿಚ್ಚಿದರೆ ಬರೀ ಮಸಿ. ಗಾಳಿ ಕಡಿಮೆ, ಪೆಟ್ರೋಲು ಹೆಚ್ಚು. ಅದಕ್ಕೇನು ಪಂಡಿತ ಬೇಕೆ? ಲಾಡಸಾಬ ಏರ್ ಫಿಲ್ಟರ್ ಬದಲಿಸಿದ, ಕಾರ್ಬೊರೇಟರ್ ನಾಲ್ಕು ಸಲ ಬಿಚ್ಚಿ ತೊಳೆದ. ತಾನೊಬ್ಬನೇ ಓಡಿಸಿ ನೋಡಿದರೆ ಹೊಗೆಯ ಸುಳಿವೇ ಇಲ್ಲ. ಹತ್ತು ದಿನಕ್ಕೆ ಮತ್ತೆ ಕೆಮ್ಮುತ್ತ ಬಾಗಿಲಿಗೆ ಹಾಜರು. ತಲೆ ಚಚ್ಚಿಕೊಳ್ಳುವುದೊಂದು ಬಾಕಿಯಿತ್ತು.

ಬಂದಾಗಲೆಲ್ಲ ಅಂದಾನಪ್ಪನ ಹೆಂಡತಿ ಶಾರದವ್ವ ಲಾಡಸಾಬನಿಗೆಂದು ಬುತ್ತಿ ತರುತ್ತಿದ್ದಳು: ಖಡಕ್ ರೊಟ್ಟಿ, ಎಣ್ಣೆಗಾಯಿ, ಡಬ್ಬಿ ತುಂಬ ಗಟ್ಟಿ ಮೊಸರು. ವ್ಯಾನನ್ನು ಬೈಯುತ್ತಲೇ ಅವನು ಅದಷ್ಟನ್ನೂ ತಿಂದು ಮುಗಿಸುತ್ತಿದ್ದ.

ಕೊನೆಗೊಂದು ದಿನ ಅಂದಾನಪ್ಪ ಫೋನು ಮಾಡಿದ. "ಲಾಡಸಾಬ, ಇದ ಕಡೀ ಸಲ ನೋಡು. ಇವತ್ತ ಆಗ್ಲಿಲ್ಲಂದ್ರ ನಾಳೆ ಗದಗಿಗೆ ಒಯ್ತೀನಿ."

ಗದಗಿಗೆ! ಸಂಜೆಯೊಳಗೆ ಮುಳಗುಂದದ ಚಹಾದಂಗಡಿಗಳಲ್ಲೆಲ್ಲ ಅದೇ ಮಾತಾಗುತ್ತದೆ. ಉರಿದುಹೋದ ಲಾಡಸಾಬ ಬಸ್ಸು ಹತ್ತಿ ಅಡರಕಟ್ಟಿಗೇ ಹೋದ. "ನೀವ ಓಡಸ್ರಿ ಅಣ್ಣಾರ, ನಾ ಹಿಂದ ಕುಂಡ್ರತೀನಿ," ಎಂದು ವ್ಯಾನಿನ ಮಂಚದ ಮೇಲೆ ಕೂತ.

ಇಂಜಿನ್ನು ನೆಟ್ಟಗೇ ಶುರುವಾಯಿತು. ಶಾರದವ್ವ ಬುತ್ತಿಗಂಟು ಹಿಡಿದು ಬಂದು ಮುಂದೆ ಕೂತಳು. ಗಂಟನ್ನು ಎದುರಿಗೆ ತೂಗುಹಾಕಿದಳು. ಊರು ದಾಟುವ ಮೊದಲೇ ಇಂಜಿನ್ನಿಗೆ ಉಸಿರುಗಟ್ಟತೊಡಗಿತು, ಹಿಂದೆ ಕರಿಹೊಗೆ.

"ನಿಲ್ಲಸ್ರೀ!"

ಲಾಡಸಾಬ ಮುಂದಕ್ಕೆ ಬಾಗಿ ನೋಡಿದ. ಡ್ಯಾಶ್‌ಬೋರ್ಡಿನ ಕೆಳಗೆ ನಟ್ಟು ಕಳಚಿ ಜೋತುಬಿದ್ದ ಚೋಕಿನ ಗುಂಡಿ. ಅದಕ್ಕೇ ಗಂಟು. ಎಳೆದರೆ ಇಂಜಿನ್ನಿಗೆ ಹೋಗುವ ಗಾಳಿಯನ್ನೇ ತಡೆಯುವ ಆ ಗುಂಡಿ ಭಾರಕ್ಕೆ ಎರಡು ಬೆರಳು ಹೊರಬಂದಿತ್ತು. ಗಂಟು ಬಿಚ್ಚಿದ, ಗುಂಡಿ ಸರಕ್ಕನೆ ಒಳಗೆ ಹೋಯಿತು, ಇಂಜಿನ್ನು ಹದಕ್ಕೆ ಬಂತು. ಅವನ ಸಿಟ್ಟು ಮಾತ್ರ ನೆತ್ತಿಗೇರಿತು.

"ಅಕ್ಕಾರ, ಮೂರ ತಿಂಗಳಾತು ನನ್ನ ಜೀವಾ ತಿಂದ್ರಲ್ಲ! ಚೋಕಿಗೆ ಯಾರರ ಬುತ್ತಿ ಕಟ್ತಾರೇನ್ರಿ?"

"ಎಲ್ಲಿಗಿ ಹೊಂಟ್ರೂ ಅಲ್ಲೇ ಕಟ್ತೀನಪ್ಪಾ. ಕೆಳಗಿಟ್ರ ಈ ರಸ್ತಾದಾಗ ರೊಟ್ಟಿ ಮುರೀತಾವ," ಎಂದಳು ಶಾರದವ್ವ, ಅವನಿಗಿಂತ ಬಿರುಸಾಗಿ. "ಮುರದ ರೊಟ್ಟಿ ನಿನಗ ಹೆಂಗ ಕೊಡ್ಲಿ?"

ಲಾಡಸಾಬನಿಗೆ ಆಗ ಹೊಳೆಯಿತು: ಪ್ರತಿ ಸಲ ಆ ಗಂಟು ಬಿಚ್ಚಿ, ಡಬ್ಬಿ ಬರಿದು ಮಾಡಿ, ಗಾಡಿ ರಿಪೇರಿ ಆಯಿತೆಂದು ಕಳಿಸಿದವನು ತಾನೇ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ರೊಟ್ಟಿ ಮುರಿಯದಂತೆ ಎರಡೂ ಕೈಯಲ್ಲಿ ಹಿಡಿದು, "ಹೊಂಡ್ರಿ, ಸಾವಕಾಶ," ಎಂದ.