ಮಾವನವರ ಸೀಟು, ಮಾವನವರ ಟಯರು

ಕಳೆದ ವಾರ ನಮ್ಮ ಓಣಿಯ ಮದುವೆಯಲ್ಲಿ ನನ್ನ ವಾರಗೆಯ ಒಬ್ಬರು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತ, "ನಮ್ಮ ಕಾಲದಾಗ ಅಳ್ಯಾಗೋಳು ಬಾಯಿಬಿಟ್ಟು ಏನರ ಕೇಳ್ತಿದ್ರೇನ್ರಿ? ಕೊಟ್ಟದ್ದು ತಗೊಂಡು ಕೈಮುಗದು ಬರ್ತಿದ್ವಿ" ಎಂದರು. ಸುತ್ತ ಕೂತ ಮುದುಕರೆಲ್ಲ ತಲೆದೂಗಿದರು. ನನಗೆ ಮೈಯೆಲ್ಲ ಉರಿಯಿತು. ಉಣ್ಣದೆ ಎದ್ದು ಮನೆಗೆ ಬಂದೆ. ಸುಳ್ಳಿಗೂ ಒಂದು ಮಿತಿ ಬೇಡವೇ? ನಾವು ಕೇಳಿದ್ದೇವೆ. ಹಬ್ಬ ಬಂದಾಗಲೆಲ್ಲ ಕೇಳಿದ್ದೇವೆ. ಉಳಿದವರ ಮಾತು ಅವರಿಗಿರಲಿ, ನಾನು ಏನು ಕೇಳಿದೆ, ಯಾರ ಕೈಯಿಂದ ಕಸಿದೆ ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಆಗ ಎರಡನೆಯ ಮಹಾಯುದ್ಧ ನಡೆದಿತ್ತು. ನಾನು ತಿಕೋಟಾದವನು. ಮ್ಯಾಟ್ರಿಕ್ ಮುಗಿಸಿ ವಿಜಾಪುರದ ಸ್ಟೇಷನ್ ರಸ್ತೆಯಲ್ಲಿ ಒಬ್ಬ ಕಾಳಿನ ವ್ಯಾಪಾರಿಯ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ಇಬ್ರಾಹಿಂಪುರದಲ್ಲಿ ಬಾಡಿಗೆಯ ಖೋಲಿ. ಹೆಂಡತಿ ಬಬಲೇಶ್ವರದವಳು. ಅವಳ ತಂದೆಗೆ ಅಲ್ಲಿ ಬಾವಿ ನೀರಿನ ಸಣ್ಣ ತೋಟ. ಮೆಂತ್ಯ, ರಾಜಗಿರಿ, ಕೊತ್ತಂಬರಿ ಬೆಳೆದು, ಕತ್ತಲಿದ್ದಾಗಲೇ ಸೈಕಲ್ಲಿನ ಹಿಂದೆ ಬುಟ್ಟಿ ಬಿಗಿದು, ಹೊತ್ತು ಮೂಡುವಷ್ಟರಲ್ಲಿ ವಿಜಾಪುರದ ಬಜಾರಿಗೆ ತಂದು ಮುಟ್ಟಿಸುತ್ತಿದ್ದರು. ಇಬ್ಬನಿ ಆರದ ಅವರ ಪಲ್ಯಕ್ಕೆ ಗಿರಾಕಿಗಳು ಕಾದು ನಿಲ್ಲುತ್ತಿದ್ದರು. ಬಿಸಿಲೇರಿದ ಮೇಲೆ ಬಂದ ತಪ್ಪಲನ್ನು ಯಾರು ಕೇಳುತ್ತಾರೆ? ಆ ಮನೆಯ ಅನ್ನ ಆ ಸೈಕಲ್ಲಿನ ಮೇಲೆ ನಿಂತಿತ್ತು.

ಮದುವೆಯಲ್ಲಿ ನನಗೂ ಒಂದು ಸೈಕಲ್ಲು ಕೊಟ್ಟರು. ಹಳೆಯದು, ಕಪ್ಪು ಬಣ್ಣ ಹೊಡೆಸಿ ಹೊಸದರಂತೆ ಮಾಡಿದ್ದು. ಅಷ್ಟಕ್ಕೆ ನಾನು ತೃಪ್ತನಾಗಿರಬೇಕಿತ್ತು. ಆದರೆ ಸ್ಟೇಷನ್ ರಸ್ತೆಯ ಸೈಕಲ್ ಸಾಮಾನಿನ ಅಂಗಡಿಯ ಮುಂದೆ ಸಂಜೆಗೆ ನಮ್ಮದೊಂದು ಕೂಟ ಸೇರುತ್ತಿತ್ತು. ಬಟ್ಟೆ ಅಂಗಡಿಯ ಗುಮಾಸ್ತರು, ಕೋರ್ಟಿನ ಕಾರಕೂನರು, ಎಲ್ಲರೂ ಹೊಸದಾಗಿ ಸೈಕಲ್ಲು ಕಂಡವರೇ. ಹಿಂದಿನ ಗಾಲಿ ಎತ್ತಿ ಪೆಡಲ್ ತಿರುವುವುದು, ಯಾರ ಗಾಲಿ ಹೆಚ್ಚು ಹೊತ್ತು ತಿರುಗುತ್ತದೆಂದು ನೋಡುವುದು, ಯಾರ ಗಂಟೆಯ ದನಿ ದೂರ ಹೋಗುತ್ತದೆಂದು ಜಗಳವಾಡುವುದು. ಒಬ್ಬನಿಗೆ ಡೈನಮೋ ಬಂದರೆ ಉಳಿದವರಿಗೆ ನಿದ್ದೆ ಇಲ್ಲ. ಅಂಗಡಿಯವನದು ಮಾತ್ರ ಒಂದೇ ಮಾತು: "ಮಾಲ ಬರವಲ್ದ್ರಿ. ರಬ್ಬರೆಲ್ಲ ಲಡಾಯಿಗೆ ಹೋತು."

ನನ್ನ ಸೀಟನ್ನು ಒತ್ತಿ ನೋಡಿ ಒಬ್ಬ ಕಾರಕೂನ ಅಂದ: "ಲೇ ಮ್ಯಾಟ್ರಿಕ್, ಇದೇನ ಸೀಟೋ, ಖಾರಾ ಅರಿಯೂ ಕಲ್ಲೋ? ನಿಮ್ಮ ಮಾವ ಅಡಗಿಮನಿಯಿಂದ ಎತ್ತಿ ಕೊಟ್ಟಾನೇನು?"

ಎಲ್ಲರೂ ನಕ್ಕರು. ಇನ್ನೊಬ್ಬ ಹೆಗಲ ಮೇಲೆ ಕೈಹಾಕಿ, "ಪಂಚಮಿ ಬಂತಲ್ಲಪಾ. ಹೊಸಾ ಅಳ್ಯಾ ಸಿಟ್ಟಿಗೇಳಲಿಲ್ಲಂದ್ರ ಹಬ್ಬಕ್ಕ ಏನ ಕಳಾ?" ಎಂದ.

ಆ ಸಿಟ್ಟಿಗೂ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಹೊಸ ಅಳಿಯ ಹಬ್ಬದ ಊಟಕ್ಕೆ ಕೂತು ತಾಟಿಗೆ ಕೈಹಾಕದೆ ಮುಖ ಬಿಗಿದುಕೊಂಡಿರಬೇಕು. ಮನೆಯವರು "ಏನ ಬೇಕ್ರಿ" ಎಂದು ಕೇಳಬೇಕು. ಹೂಂ ಅನ್ನಿಸಿಕೊಂಡ ಮೇಲೆಯೇ ಅವನು ತುತ್ತು ಮುರಿಯಬೇಕು. ಹೆಂಗಸರು ಸೆರಗಿನಲ್ಲಿ ನಗುತ್ತಿದ್ದರು, ನೆರೆಯವರು ನೋಡಲು ಬರುತ್ತಿದ್ದರು. ನಗಿಸುತ್ತ ಮಾಡಿದರೆ ದರೋಡೆ ದರೋಡೆಯಲ್ಲವೆಂದು ಯಾರು ಹೇಳಿದರೋ ಕಾಣೆ.

ಪಂಚಮಿಗೆ ಬಬಲೇಶ್ವರದಲ್ಲಿ ಹಾಗೆ ಕೂತೆ.

"ಉಣ್ರಿ ಅಳ್ಯಾರ, ಕಡಬು ಆರಾಕತ್ತಾವ."

"ಸೀಟ ಬಾಳ ಬಿರಸ ಐತ್ರಿ, ಮಾವಾರ. ಡೈನಮೋನೂ ಇಲ್ಲ. ದೀಪ ಇಲ್ಲಂದ್ರ ಪೊಲೀಸ್ರು ಹಿಡೀತಾರ."

"ಇಷ್ಟ ಹೌದಲ್ರಿ? ಮೊದ್ಲ ಉಣ್ರಿ" ಎಂದು ಅವರು ನಕ್ಕರು.

ಮರುದಿನ ಮುಂಜಾನೆ ನನ್ನ ಸೈಕಲ್ಲಿಗೆ ಮೆತ್ತನೆಯ ಸ್ಪ್ರಿಂಗ್ ಸೀಟು ಬಂದಿತ್ತು, ಡೈನಮೋ ಬಂದಿತ್ತು. ಸೀಟಿನ ಬಲ ಅಂಚಿನಲ್ಲಿ ಚರ್ಮ ಹರಿದಲ್ಲಿ ದಬ್ಬಣದಿಂದ ಹಾಕಿದ ಹೊಲಿಗೆ ಕಾಣುತ್ತಿತ್ತು. ಅಂಗಡಿಯಿಂದ ತಂದ ಸೀಟಿಗೆ ಹೊಲಿಗೆ ಎಲ್ಲಿಯದು? ನಾನು ಕೇಳಲಿಲ್ಲ. ಹೆಂಡತಿ ಹಿಂದೆ ಕ್ಯಾರಿಯರಿನ ಮೇಲೆ ಕೂತು ವಿಜಾಪುರ ಮುಟ್ಟುವವರೆಗೂ ಆ ಅಂಚನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು. ಅದು ಮಾವನವರ ಸೈಕಲ್ಲಿನದೇ ಸೀಟು, ಆ ಹೊಲಿಗೆ ಅವಳ ತಾಯಿ ಹಾಕಿದ್ದು. ಕೂಟದಲ್ಲಿ ನಾನು ಸೀಟನ್ನು ತಟ್ಟಿ ತೋರಿಸಿದೆ. "ಗಾದಿ ಬಂತಲೇ!" ಎಂದರು. ನನಗೆ ಅಷ್ಟೇ ಬೇಕಾಗಿತ್ತು.

ದೀಪಾವಳಿಯ ಹೊತ್ತಿಗೆ ನನ್ನ ಟಯರು ನೂಲು ಬಿಟ್ಟಿದ್ದವು. ಒಳಗೆ ಹಳೆಯ ಟಯರಿನ ತುಂಡಿಟ್ಟು ಓಡಿಸುತ್ತಿದ್ದೆ. ಊರೆಲ್ಲ ಹಾಗೆಯೇ ಓಡಿಸುತ್ತಿತ್ತು. ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತು, "ಈ ಸಲ ಏನೂ ಕೇಳಬ್ಯಾಡ್ರಿ. ಕೈ ಮುಗೀತೇನಿ" ಎಂದಳು.

"ನಾ ಏನ ಭಿಕ್ಷಾ ಬೇಡ್ತೇನೇನು? ಪದ್ಧತಿ ಐತಿ" ಎಂದೆ.

ತಾಟಿನ ಮುಂದೆ ಕೂತು ಟಯರು ಕೇಳಿದೆ. ಮಾವನವರು ಈ ಸಲ ನಗಲಿಲ್ಲ. "ಟಯರ್ ಎಲ್ಲೂ ಇಲ್ರಿ, ಅಳ್ಯಾರ" ಎಂದರು.

"ನೀವು ಮನಸ್ ಮಾಡಿದ್ರ ಇರತಾವ್ರಿ" ಎಂದೆ.

ಈ ಮಾತಿಗೆ ನನ್ನನ್ನು ನಾನು ಇಂದಿಗೂ ಕ್ಷಮಿಸಿಕೊಂಡಿಲ್ಲ. ಇಡೀ ಸ್ಟೇಷನ್ ರಸ್ತೆಯಲ್ಲಿ ಮಾರಲು ಒಂದು ಟಯರಿಲ್ಲವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಇದ್ದ ಒಳ್ಳೆಯ ಟಯರು ಅವರ ದನದ ಕೊಟ್ಟಿಗೆಯಲ್ಲಿ, ಅವರ ಸೈಕಲ್ಲಿಗಿದ್ದವು. ಅವನ್ನೇ ಬಿಚ್ಚಿ ಕೊಡಲಿ ಎಂದೇ ಹಾಗಂದೆ. ಕೊಟ್ಟರು.

ನನ್ನ ನೂಲು ಬಿಟ್ಟ ಟಯರು ಬುಟ್ಟಿಯ ಭಾರ ತಡೆಯುವಂತಿರಲಿಲ್ಲ. ಅಲ್ಲಿಂದ ಮುಂದೆ ಅವರು ಬುಟ್ಟಿಯನ್ನು ತಲೆಯ ಮೇಲೆ ಹೊತ್ತು ನಡೆದೇ ಬರತೊಡಗಿದರು. ವಿಜಾಪುರಕ್ಕೆ ಬರುವ ಬಂಡಿಗಳ ಹಿಂದೆ, ಅಚ್ಚಿಗೆ ತೂಗುಬಿಟ್ಟ ಕಂದೀಲಿನ ಬೆಳಕಿನಲ್ಲಿ. ಎಷ್ಟು ಬೇಗ ಹೊರಟರೂ ಬಜಾರು ಮುಟ್ಟುವಾಗ ಬಿಸಿಲು. ಒಂದು ದಿನ ನಾನೇ ಕಂಡೆ. ಒಬ್ಬ ಗಿರಾಕಿ ಮೆಂತ್ಯದ ಸಿವುಡು ಎತ್ತಿ ಹಿಡಿದು, "ಏನ ಯಜಮಾನ, ಇದನ್ನ ಮಂದಿಗೆ ತಂದಿಯೋ, ದನಕ್ಕೋ?" ಎಂದು ಎಸೆದ. ಮಾವನವರು ಅದನ್ನು ಎತ್ತಿ ನೀರು ಚಿಮುಕಿಸಿ ಮತ್ತೆ ಬುಟ್ಟಿಯಲ್ಲಿಟ್ಟರು. ನಾನು ಸೈಕಲ್ಲನ್ನು ಬೇರೆ ಗಲ್ಲಿಗೆ ತಿರುಗಿಸಿದೆ. ಟಯರು ಎಷ್ಟು ಚೆನ್ನಾಗಿದ್ದವೆಂದರೆ ಸಪ್ಪಳವೇ ಆಗಲಿಲ್ಲ.

ಆ ದಿನ ಅವರು ನಮ್ಮ ಖೋಲಿಗೂ ಬಂದರು, ಮಗಳಿಗೆ ಒಂದು ಸಿವುಡು ಕೊತ್ತಂಬರಿ ಕೊಡಲು. ಮಗಳಿಗೆ ಮಕ್ಕಳಾಗುವವರೆಗೆ ಅವಳ ಮನೆಯಲ್ಲಿ ತಂದೆ ನೀರೂ ಮುಟ್ಟಬಾರದು ಎಂಬುದು ಇನ್ನೊಂದು ಪದ್ಧತಿ. ಬಬಲೇಶ್ವರದಿಂದ ನಡೆದು ಬಂದ ಮನುಷ್ಯ ಹೊಸ್ತಿಲ ಹೊರಗೆ ನಿಂತು ಬೆವರೊರೆಸಿಕೊಂಡರು. "ಒಂದ ಗುಟುಕ ಕುಡೀಯಪ್ಪಾ, ಯಾರೂ ನೋಡೂದಿಲ್ಲ" ಎಂದು ಅವಳು ತಂಬಿಗೆ ಹಿಡಿದಳು. "ಬ್ಯಾಡವ್ವಾ. ಹಾದ್ಯಾಗ ಬಾವಿ ಐತಿ" ಎಂದು ಹೊರಟುಹೋದರು.

ಅವಳು ತಂಬಿಗೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. "ಟಯರ್ ಹೊಳ್ಳಿ ಕೊಟ್ಟು ಬರ್ರಿ. ಇಲ್ಲಾಂದ್ರ ಆ ಸೈಕಲ್ ಮ್ಯಾಲ ನಾ ಕೂಡೂದಿಲ್ಲ."

ಹೋದೆ. ಟಯರು ಬಿಚ್ಚಿ ಅವರ ಅಂಗಳದಲ್ಲಿಟ್ಟೆ. ಅವರು ಮುಟ್ಟಲೇ ಇಲ್ಲ. "ಅಳ್ಯಾಗ ಕೊಟ್ಟದ್ದು ಹೊಳ್ಳಿ ತಗೊಂಡ್ರ ಮಗಳ್ನ ಹೊಳ್ಳಿ ಕರಕೊಂಡಂಗ ಆಗತೈತ್ರಿ. ಮಂದಿ ಏನಂದಾರು?" ಎಂದು ತಾವೇ ಕೂತು ಅವನ್ನು ನನ್ನ ಗಾಲಿಗೆ ಏರಿಸಿ, ಗಾಳಿ ಹೊಡೆದು ಕೊಟ್ಟರು. ನಾನು ಕೇಳುವಾಗ ಕೈಹಿಡಿದು ನಡೆಸಿದ ಪದ್ಧತಿ ಕೊಡಲು ಹೋದಾಗ ಅಡ್ಡ ನಿಂತಿತು. ಎಂಥ ಪದ್ಧತಿ ಇದು, ಯಾರು ಮಾಡಿದ್ದು?

"ಹಂಗಾರ ಪಲ್ಯ ನೀವ ತಂದು ಹಾಕ್ರಿ" ಎಂದಳು ಹೆಂಡತಿ. ಅದಕ್ಕೆ ಯಾವ ಪದ್ಧತಿಯೂ ಅಡ್ಡ ಬರುತ್ತಿರಲಿಲ್ಲ. ಕೆಲವು ದಿನ ಕತ್ತಲಿದ್ದಾಗಲೇ ಬಬಲೇಶ್ವರಕ್ಕೆ ಹೋಗಿ ಬುಟ್ಟಿ ಕಟ್ಟಿಕೊಂಡು ಬಂದೆ. ಪಲ್ಯ ಹಸಿಯಾಗಿಯೇ ಮಾರಿಹೋಯಿತು. ಒಮ್ಮೆ ಆ ಕಾರಕೂನ ಎದುರಾಗಿ, "ಏನ ಸಾಹೇಬ್ರ, ಮ್ಯಾಟ್ರಿಕ್ ಪಾಸಾಗಿದ್ದು ಇದಕ್ಕೇನು? ರಾಜಗಿರಿ ಹೆಂಗ್ ಕೊಡ್ತೀರಿ?" ಎಂದು ಕೂಗಿದ. ಮರುದಿನದಿಂದ ನಾನು ಹೋಗಲಿಲ್ಲ. ಅಂಗಡಿಯಲ್ಲಿ ಕೆಲಸ ಹೆಚ್ಚಿದೆ ಎಂದೆ. ಹೆಂಡತಿ ಆ ಸೈಕಲ್ಲಿನ ಮೇಲೆ ಮತ್ತೆಂದೂ ಕೂಡಲಿಲ್ಲ. ತಿಕೋಟಾಕ್ಕೆ ನಾನು ಸೈಕಲ್ಲಿನ ಮೇಲೆ, ಅವಳು ಯಾರದೋ ಬಂಡಿಯಲ್ಲಿ.

ಮುಂದಿನ ಸುಗ್ಗಿಯೊಳಗೆ ತೋಟದಲ್ಲಿ ಪಲ್ಯದ ಮಡಿ ಹೋಗಿ ಜೋಳ ಬಂತು. ಮಾವನವರು ಪರರ ಹೊಲಕ್ಕೆ ಕೂಲಿಗೆ ಹೋಗತೊಡಗಿದರು. ಗಾಲಿ ಬೆತ್ತಲಾದ ಅವರ ಸೈಕಲ್ಲಿನ ಮೇಲೆ ಕೋಳಿಗಳು ಮಲಗುತ್ತಿದ್ದವು.

ಯುದ್ಧ ಮುಗಿದ ಮೇಲೆ ನಮಗೆ ಮಗ ಹುಟ್ಟಿದ. ಕೂಸನ್ನು ನೋಡಲು ಇಬ್ರಾಹಿಂಪುರಕ್ಕೆ ಬಂದ ಮಾವನವರು ಮೊದಲ ಸಲ ನಮ್ಮ ಮನೆಯ ನೀರು ಕುಡಿದರು, ತಂಬಿಗೆ ಎತ್ತಿ, ಗಂಟಲು ತುಂಬ. ಹೊರಡುವಾಗ ಬಾಗಿಲ ಬಳಿಯಿದ್ದ ಸೈಕಲ್ಲಿನ ಸೀಟಿನ ಮೇಲೆ, ಆ ಹೊಲಿಗೆಯ ಮೇಲೆ, ಅಂಗೈ ಆಡಿಸಿ, "ಚಲೋ ಇಟ್ಟೀರಿ, ಅಳ್ಯಾರ" ಎಂದರು. ಚುಚ್ಚು ಮಾತು ಅವರಿಗೆ ಬರುತ್ತಿರಲಿಲ್ಲ. ಮೆಚ್ಚಿಯೇ ಅಂದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮದುವೆಯ ಮನೆಯಲ್ಲಿ ಇದನ್ನೆಲ್ಲ ಎದ್ದು ನಿಂತು ಹೇಳಬೇಕಿತ್ತು. ಅಲ್ಲಿಯೂ ನಾನು ಬೇರೆ ಗಲ್ಲಿಗೆ ತಿರುಗಿಬಿಟ್ಟೆ.