ಅವ್ವ ಕೊಟ್ಟ ಜಾಮೀನು

ಗೆಳೆಯರೇ, ಇವತ್ತು ಕಲಬುರಗಿಯ ಕಚೇರಿಯಲ್ಲಿ ನಾನು ಮೂವತ್ತನಾಲ್ಕನೇ ವಯಸ್ಸಿಗೆ ಮತ್ತೆ ಹುಡುಗನಾದೆ.

ಅಪ್ಪ ತೀರಿಕೊಂಡಾಗ ನಿಂತುಹೋದ ನನ್ನ ಕಾಲೇಜು ಓದಿಗೆ ಇನ್ನೊಂದೇ ವರ್ಷ ಬಾಕಿ. ಕಮಲಾಪುರದ ಶಾಲೆಯ ಮಾಸ್ತರಿಕೆಯ ಸಂಬಳದಲ್ಲಿ ಮನೆ ನಡೆಸಿ, ಹೈದರಾಬಾದಿನಲ್ಲಿ ಓದುವುದು ಆಗದ ಮಾತು. ನಿಜಾಮ್ ಸರ್ಕಾರದ ವಜೀಫಾ, ಅಂದರೆ ವಿದ್ಯಾರ್ಥಿವೇತನ, ಸಿಕ್ಕರೆ ಮಾತ್ರ ದಾರಿ. ಅರ್ಜಿ ಕೊಡಲು ಇವತ್ತೇ ಕೊನೆಯ ದಿನ.

ಗುಮಾಸ್ತರು ಅರ್ಜಿ ನೋಡಿ ನನ್ನ ಬೆನ್ನ ಹಿಂದೆ ಇಣುಕಿದರು. "ಹುಡುಗ ಎಲ್ಲಿ ಅದಾನ್ರಿ?"

"ನಾನೇ ರೀ ಆ ಹುಡುಗ."

ಅವರು ನನ್ನ ಮೀಸೆಯನ್ನೊಮ್ಮೆ ನೋಡಿದರು. "ಇರಲಿ. ಆದ್ರ ಪಾಲಕರ ಸಹಿ ಇಲ್ದ ಅರ್ಜಿ ತಗೊಳ್ಳಾಕ ಬರಂಗಿಲ್ಲ."

"ನನಗ ಮೂರು ಮಕ್ಕಳದಾವ್ರಿ. ನಾನೇ ಪಾಲಕ."

"ಅವ್ರಿಗ ನೀವು. ನಿಮಗ ಯಾರು?"

ನನ್ನ ಪುಣ್ಯ, ಶರಣಬಸವೇಶ್ವರರ ದರ್ಶನಕ್ಕೆಂದು ಜೊತೆಗೆ ಬಂದಿದ್ದ ಅವ್ವ ಹೊರಗೆ ಬಂಡಿಯಲ್ಲಿ ಕುಳಿತಿದ್ದಳು. ಓಡಿಹೋಗಿ ಕರೆತಂದೆ. ಗುಮಾಸ್ತರು ಗಂಭೀರವಾಗಿ ಕೇಳಿದರು: "ಅಮ್ಮಾ, ಹುಡುಗನ ನಡತಿ ಹ್ಯಾಂಗದ?"

ಅವ್ವ ತುಸು ಯೋಚಿಸಿದಳು. "ಮದುವಿ ಆದಮ್ಯಾಲ ಸುಧಾರಿಸ್ಯಾನ್ರಿ."

ಇಡೀ ಕಚೇರಿ ನಕ್ಕಿತು. ನಗು ಕೇಳಿ ಒಳಗಿನಿಂದ ಸಾಹೇಬರೂ ಎದ್ದು ಬಂದರು. ವಿಷಯ ತಿಳಿದು, ಅವ್ವ ಹೆಬ್ಬೆಟ್ಟು ಒತ್ತಿದ ಕೂಡಲೇ ಮಂಜೂರಿ ಬರೆದುಕೊಟ್ಟರು. ನನ್ನ ಕಣ್ಣು ಒದ್ದೆಯಾದದ್ದು ಪುಣ್ಯಕ್ಕೆ ಯಾರಿಗೂ ಕಾಣಲಿಲ್ಲ.

ಬಂಡಿ ಊರಿನತ್ತ ತಿರುಗುತ್ತಲೇ ಅವ್ವ ಅಂದಳು: "ಇವತ್ತಿನಿಂದ ಬೀಡಿ ಬಂದ್. ನಿನ್ನ ನಡತಿಗಿ ನಾ ಹೆಬ್ಬೆಟ್ಟು ಕೊಟ್ಟೀನಿ."

ಸರ್ಕಾರ ನನ್ನನ್ನು ಒಂದೇ ವರ್ಷ ಓದಿಸುತ್ತದೆ. ಅವ್ವನ ಷರತ್ತಿಗೆ ಮಾತ್ರ ಅವಧಿಯೇ ಇಲ್ಲ.