ಜಿಂಕೆಗೆ ನನ್ನ ವಾಸನೆ

ಫ್ಯಾಕ್ಟರಿಗೆ ಜಾಗ ಅಳೆಯಲು ಉಯ್ಯಂಬಳ್ಳಿಗೆ ಹೋದಾಗ ಗೌಡರೊಬ್ಬರ ಮನೆಯಲ್ಲಿ ಉಳಿದಿದ್ದೆ. ಒಂದು ಬೆಳಗ್ಗೆ ಅವರು ಕೋವಿ ಹಿಡಿದು ಜಿಂಕೆ ಬೇಟೆಗೆ ಹೊರಟರು. ಅದು ಅಪರಾಧವೆಂದೆ, ನಕ್ಕರು. ತಡೆಯಲೆಂದೇ ಜೊತೆಗೆ ಹೋದೆ.

ಕಟ್ಟೆಯ ಆಚೆ ದಡದಲ್ಲಿ ಜಿಂಕೆಯೊಂದು ನೀರು ಕುಡಿಯುತ್ತಿತ್ತು. ಗೌಡರು ಚಿಟಿಕೆ ಬೂದಿ ತೂರಿದರು. ಬೂದಿ ನಮ್ಮತ್ತಲೇ ಹಾರಿ ಬಂತು.

“ಗಾಳಿ ನಮ್ ಕಡೀಕೇ ಐತೆ ಸಾರ್. ಮನ್ಸನ್ ವಾಸ್ನೆ ಅದುಕ್ಕೆ ಬಡ್ಯಾಕಿಲ್ಲ.”

ನಾನು ಎದ್ದೆ.

“ಎಲ್ಲಿಗ್ ಸಾರ್?”

“ಜಿಂಕೆಯ ಆಚೆಗೆ. ನನ್ನ ವಾಸನೆ ಅದಕ್ಕೆ ಬಡಿಯಲಿ.”

ಕೂಗಿದರೆ ಜಿಂಕೆ ಓಡಿಬಿಡುತ್ತದೆಂದು ಗೌಡರು ಕೈಸನ್ನೆಯಲ್ಲೇ ಬೈದರು. ನಾನು ಪೊದೆಗಳ ಮರೆಯಲ್ಲಿ ಬಳಸಿ ಹೋಗಿ ಜಿಂಕೆಯ ಹಿಂದೆ ನಿಂತೆ. ಗುಂಡು ನನಗೆ ತಗುಲೀತೆಂದು ಗೌಡರು ಕೋವಿ ಎತ್ತಲಿಲ್ಲ. ಜಿಂಕೆ ಮೂಗೆತ್ತಿತು, ಮಾಯವಾಯಿತು.

“ಬೇಕೂಂತ್ಲೇ ಓಡುಸ್ಬುಟ್ರಲ್ಲ ಸಾರ್!”

“ಹೌದು. ನೀವು ನಾಳೆ ಬೇಟೆಗೆ ಹೊರಟರೆ ನಾಳೆಯೂ ಬರುತ್ತೇನೆ.”

ಮಧ್ಯಾಹ್ನ ಮುದ್ದೆಗೆ ಬರೀ ಸೊಪ್ಪಿನ ಸಾರು. ನಾನು ಎರಡು ಸಲ ಬಡಿಸಿಕೊಂಡೆ.